ಬಿಲ್ಲು ಬಿಸಾಡಬೇಡಿ, ಮಕ್ಕಳೇ!

ಕಳೆದ ಯುಗಾದಿ ಕಾರ್ಯಕ್ರಮದ ಊಟದ ಪಂಕ್ತಿಯಲ್ಲಿ ನಮ್ಮ ಸಂಘದ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು ಕುಳಿತು ಮೆಲ್ಲನೆ ಕೇಳಿದಳು: "ಆಂಟಿ, ನೀವು ಗ್ಯಾರೇಜಿನವನ ಮೇಲೆ ಕೇಸು ಹಾಕಿದ್ರಂತೆ, ಹೌದಾ? ಅದೂ ವಕೀಲರಿಲ್ಲದೆ?" ಅವಳ ಸ್ಕೂಟರಿಗೂ ಅಂಥದೇ ಗತಿ ಆಗಿತ್ತಂತೆ. "ಬಿಲ್ಲು ಇದೆಯೇನಮ್ಮಾ?" ಎಂದೆ. "ಎಲ್ಲೋ ಬಿಸಾಡಿದೆ ಆಂಟಿ" ಎಂದಳು. ಹೋಳಿಗೆ ನನ್ನ ಗಂಟಲಲ್ಲೇ ನಿಂತಿತು! ಅಂದು ಆ ಗದ್ದಲದಲ್ಲಿ ಅವಳಿಗೆ ಪೂರ್ತಿ ಹೇಳಲಾಗಲಿಲ್ಲ. ನಿಮ್ಮಲ್ಲಿ ಹಲವರು ಈಗಷ್ಟೇ ಮೊದಲ ಸಂಬಳದಲ್ಲಿ ಗಾಡಿ ಕೊಂಡವರು. ಆದ್ದರಿಂದ ಎಲ್ಲರಿಗೂ ಸೇರಿಸಿಯೇ ಹೇಳುತ್ತೇನೆ, ಕೇಳಿ.

ನಮ್ಮದು ಹನ್ನೊಂದು ವರ್ಷದ ಹಳೆಯ ಕಾರು. 2022ರ ಜುಲೈಯಲ್ಲಿ ಇಂಜಿನ್ ಬಿಸಿಯಾಗತೊಡಗಿತು. ನಮ್ಮ ಬಡಾವಣೆಯ ಗ್ಯಾರೇಜಿಗೆ ಕೊಟ್ಟೆವು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರು. ಜುಲೈ 30ರಂದು 34,650 ರೂಪಾಯಿ ಎಣಿಸಿ ಗಾಡಿ ಬಿಡಿಸಿಕೊಂಡು ಬಂದೆವು. ಆಗಸ್ಟ್ 14ರಂದು ತಂಗಿಯ ಮಗಳ ಸೀಮಂತಕ್ಕೆಂದು ಪುಣೆಗೆ ಹೊರಟಿದ್ದೆವು. ಖಂಡಾಲಾ ಘಾಟಿನ ಏರಿನಲ್ಲಿ ಬಾನೆಟ್ಟಿನ ಸಂದಿಯಿಂದ ಭುಸುಭುಸು ಆವಿ! ರೇಷ್ಮೆ ಸೀರೆ ಉಟ್ಟು, ಹೂವಿನ ಬುಟ್ಟಿ ಹಿಡಿದು, ರಸ್ತೆಯ ಅಂಚಿನಲ್ಲಿ ಎರಡೂವರೆ ಗಂಟೆ ನಿಂತೆ. ಸೀಮಂತ ತಪ್ಪಿತು. ಟೋ ವ್ಯಾನಿಗೆ 4,500 ರೂಪಾಯಿ ತೆತ್ತು ಮುಲುಂಡಿಗೆ ಮರಳಿದೆವು.

ಗ್ಯಾರೇಜಿನ ಮಾಲಕರಿಗೆ ಫೋನು ಮಾಡಿದರೆ, "ಹಳೇ ಗಾಡಿ ಮೇಡಮ್, ಹೀಗೆಲ್ಲ ಆಗುತ್ತೆ" ಎಂದು ಇಟ್ಟುಬಿಟ್ಟರು. ನನ್ನ ಮಗನಿಗೆ ಇಪ್ಪತ್ತಾರು. ನಿಮ್ಮ ಹಾಗೆಯೇ ಇಲ್ಲೇ ಹುಟ್ಟಿ ಬೆಳೆದವನು. "ಬಿಟ್ಟುಬಿಡಮ್ಮ, ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟರಾಯ್ತು" ಎಂದ. ನಮ್ಮವರೋ, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವರು, "ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆ ಹೇಳಿ ಪೇಪರು ಬಿಡಿಸಿ ಕುಳಿತರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಹಣಕ್ಕಿಂತ ಹೆಚ್ಚಾಗಿ ಆ "ಹೀಗೆಲ್ಲ ಆಗುತ್ತೆ" ಎಂಬ ಮಾತಿಗೆ.

ಗಾದೆ ಹುಟ್ಟಿದ ಕಾಲದಲ್ಲಿ ಗ್ರಾಹಕ ಕಾಯಿದೆ ಇರಲಿಲ್ಲ. 1986ರ ಡಿಸೆಂಬರ್ 24ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ದಿನವನ್ನೇ ನಾವು ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುವುದು. ಈಗ ಅದರ ಜಾಗದಲ್ಲಿ 2019ರ ಹೊಸ ಕಾಯಿದೆ ಇದೆ, 2020ರ ಜುಲೈಯಿಂದ ಜಾರಿಯಲ್ಲಿದೆ. ಹಿಂದೆ ವೇದಿಕೆ ಎನ್ನುತ್ತಿದ್ದುದನ್ನು ಈಗ ಜಿಲ್ಲಾ ಆಯೋಗ ಎನ್ನುತ್ತಾರೆ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನಮ್ಮಂಥ ಹೊರನಾಡಿನವರಿಗೆ ಹೇಳಿ ಮಾಡಿಸಿದಂಥ ಅನುಕೂಲವೊಂದು ಹೊಸ ಕಾಯಿದೆಯಲ್ಲಿದೆ: ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಊರಿಗೆ ಹೋಗುವಾಗ ಹುಬ್ಬಳ್ಳಿಯಲ್ಲೋ ಕೊಲ್ಹಾಪುರದಲ್ಲೋ ಗಾಡಿ ಕೆಟ್ಟು ಅಲ್ಲಿಯವರು ರಿಪೇರಿ ಹಾಳುಮಾಡಿದರೆ, ಮೊದಲಾದರೆ ಅಲ್ಲಿಗೇ ಅಲೆಯಬೇಕಿತ್ತು. ಈಗ ಮುಂಬಯಿಯಲ್ಲೇ ಕೇಳಬಹುದು.

ಕಾಯಿದೆ ಇಷ್ಟು ಸಲೀಸು. ಕಷ್ಟವಿರುವುದು ಬೇರೆ ಕಡೆ. ಕಾರು ಕೆಟ್ಟಿತು ಎಂದು ತೋರಿಸುವುದು ಸುಲಭ, ಅದು ರಿಪೇರಿಯ ತಪ್ಪಿನಿಂದಲೇ ಕೆಟ್ಟಿತು ಎಂದು ತೋರಿಸುವುದು ಕಷ್ಟ. ಹಳೆಯ ಗಾಡಿ, ಓಡಿಸಿದವರ ತಪ್ಪು, ಬೇರೆ ಭಾಗ ಹೋಗಿದೆ... ಎದುರಿನವರಿಗೆ ಹೇಳಲು ನೂರು ಕಾರಣಗಳಿರುತ್ತವೆ. ಇದನ್ನು ನಾನು ಅರ್ಥ ಮಾಡಿಕೊಂಡದ್ದು ಒಂದು ದೊಡ್ಡ ತಪ್ಪು ಮಾಡುವ ಅಂಚಿನಲ್ಲಿ.

ಸಿಟ್ಟಿನಲ್ಲಿ ಮರುದಿನವೇ ಇನ್ನೊಬ್ಬ ಮೆಕ್ಯಾನಿಕ್ ಬಳಿಗೆ ಹೋಗಿ "ಇವತ್ತೇ ಬಿಚ್ಚಿ ಸರಿಮಾಡಿ" ಎಂದೆ. ವಯಸ್ಸಾದ ಮನುಷ್ಯ, ಅನುಭವಸ್ಥರು. "ಬೆಹನ್‌ಜೀ, ನಾನು ಬಿಚ್ಚಿದ ಮೇಲೆ ಅವರು ನನ್ನ ಮೇಲೇ ತಪ್ಪು ಹೊರಿಸುತ್ತಾರೆ. ಮೊದಲು ಅವರಿಗೆ ಕಾಗದ ಬರೆಯಿರಿ" ಎಂದರು. ಎಷ್ಟು ದೊಡ್ಡ ಮಾತು ನೋಡಿ! ಬಿಚ್ಚಿ ಸರಿಮಾಡಿಬಿಟ್ಟರೆ ಸಾಕ್ಷಿಯೂ ಅದರೊಡನೆ ಹೋಯಿತು. ಆ ರಾತ್ರಿಯೇ ಕುಳಿತು ಬರೆದೆ: "ಇಂಥ ದಿನ, ಇಂಥ ವರ್ಕ್‌ಶಾಪಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ ಇಂಜಿನ್ ಬಿಚ್ಚಲಾಗುವುದು. ನೀವಾಗಲಿ ನಿಮ್ಮ ಮೆಕ್ಯಾನಿಕ್ ಆಗಲಿ ಬಂದು ನೋಡಬಹುದು." ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳುಹಿಸಿದೆ. (2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ನೀವು ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ಪುರಾವೆ ತೆಗೆದಿಟ್ಟುಕೊಳ್ಳಿ.) ಯಾರೂ ಬರಲಿಲ್ಲ. ಬಾರದಿದ್ದುದೂ ನನ್ನ ಫೈಲಿನಲ್ಲಿ ಒಂದು ಪುಟವಾಯಿತು.

ಹೆಡ್ ಗ್ಯಾಸ್ಕೆಟ್ ಎಂದರೇನೆಂದು ನನಗೂ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಯೋಚಿಸಿ. ಕುಕ್ಕರಿನ ಮುಚ್ಚಳಕ್ಕೆ ರಬ್ಬರು ಬಳೆ ಇರುತ್ತದಲ್ಲ, ಹಾಗೆಯೇ ಇಂಜಿನ್ನಿನ ಮೈಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಒಂದು ಹಾಳೆ. ಮುಚ್ಚಳವೇ ಸೊಟ್ಟಗಾಗಿದ್ದರೆ ಹೊಸ ಬಳೆ ಹಾಕಿದರೂ ಆವಿ ಸೋರುತ್ತದೆ ತಾನೇ? ಇಂಜಿನ್ ವಿಪರೀತ ಬಿಸಿಯಾದಾಗ ಹೆಡ್ ಸ್ವಲ್ಪ ಬಾಗುವುದುಂಟು. ಅದನ್ನು ಮಷಿನ್ ಶಾಪಿನಲ್ಲಿ ತೆಳ್ಳಗೆ ಸವರಿ ಸಮ ಮಾಡಿಸಬೇಕು. ಇದಕ್ಕೆ ಹೆಡ್ ಫೇಸಿಂಗ್ ಎನ್ನುತ್ತಾರೆ. ನಮ್ಮ ಬಿಲ್ಲಿನಲ್ಲಿ "ಹೆಡ್ ಫೇಸಿಂಗ್: 2,800" ಎಂದು ಸ್ಪಷ್ಟವಾಗಿ ಬರೆದಿತ್ತು. ಬಿಚ್ಚಿ ನೋಡಿದರೆ ಹೊಸದಾಗಿ ಸವರಿದ ಗುರುತೇ ಇಲ್ಲ! ಹಳೆಯ ಮಸಿ ಹಾಗೆಯೇ ಕೂತಿತ್ತು. ಹೆಡ್ಡಿನ ಮೇಲೆ ನೇರಪಟ್ಟಿ ಇಟ್ಟು, ತೆಳುವಾದ ಅಳತೆಯ ತಗಡು ತೂರಿಸಿ, ಸಂದಿ ಎಷ್ಟಿದೆಯೆಂದು ಅವರು ತೋರಿಸಿದರು. ಮಗ ಒಂದೊಂದನ್ನೂ ಫೋಟೋ ತೆಗೆದ.

ಈ ಹುಡುಗ ಇನ್ನೊಂದು ಉಪಕಾರ ಮಾಡಿದ್ದ. ಘಾಟಿನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಡ್ಯಾಶ್‌ಬೋರ್ಡಿನ ಫೋಟೋ ತೆಗೆದಿದ್ದ, ಯಾರೋ ಗೆಳೆಯನಿಗೆ ಕಳುಹಿಸಲಂತೆ. ಜಾಬ್ ಕಾರ್ಡಿನಲ್ಲಿ ಗ್ಯಾರೇಜಿನವರೇ ಬರೆದ ಕಿಲೋಮೀಟರನ್ನು ಅದರಿಂದ ಕಳೆದರೆ, ರಿಪೇರಿಯ ನಂತರ ಗಾಡಿ ಓಡಿದ್ದು ಬರೀ 412 ಕಿ.ಮೀ. ಬಿಸಿಯಾದ ಮೇಲೂ ಓಡಿಸಿದಿರಿ ಎಂದು ದೂರಲು ಆಸ್ಪದವೇ ಉಳಿಯಲಿಲ್ಲ. ಎಸ್ಟಿಮೇಟ್ ಚೀಟಿಯನ್ನು ಮಾತ್ರ ನಾನು ಹಾಲಿನ ಲೆಕ್ಕ ಬರೆದು ಕಳೆದುಬಿಟ್ಟಿದ್ದೆ. ಅದಕ್ಕಾಗಿ ನಮ್ಮವರಿಂದ ಸಹಸ್ರನಾಮವೂ ಆಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಆ ಎರಡನೆಯ ಮೆಕ್ಯಾನಿಕ್‌ರಿಂದ ಇದನ್ನೆಲ್ಲ ಬರವಣಿಗೆಯಲ್ಲಿ ಪಡೆಯುವುದು. ಬಾಯಲ್ಲಿ ಎಲ್ಲರೂ ಹೇಳುತ್ತಾರೆ. ಕಾಗದದ ಮೇಲೆ ಬರೆ ಎಂದರೆ ಹಿಂಜರಿಯುತ್ತಾರೆ, ಒಂದೇ ಧಂಧೆಯವರು ನೋಡಿ. ನಾಲ್ಕು ಸಲ ಹೋದೆ. "ಯಾರ ಮೇಲೂ ದೂರು ಬರೆಯಬೇಡಿ, ನೀವು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಿರಿ" ಎಂದು ವಿನಂತಿಸಿದ ಮೇಲೆ ಲೆಟರ್‌ಹೆಡ್ಡಿನಲ್ಲಿ ಆರು ಸಾಲು ಬರೆದುಕೊಟ್ಟರು. ಮುಂದೆ ಅದನ್ನೇ ಅಫಿಡವಿಟ್ ಮಾಡಿಕೊಡಲೂ ಒಪ್ಪಿದರು. ಆ ಆರು ಸಾಲು ಇಲ್ಲದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ.

ಇನ್ನು ದೂರು ಬರೆಯುವ ಸಂಗತಿ. ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ಓದಿದವಳು ನಾನು. ಮೊದಲು ಬರೆದದ್ದು ಒಂಬತ್ತು ಪುಟ! ಘಾಟಿನ ಬಿಸಿಲು, ಬಾಡಿದ ಹೂವು, ತಂಗಿಯ ಮುನಿಸು ಎಲ್ಲವೂ ಅದರಲ್ಲಿತ್ತು. ಪರಿಹಾರವಾಗಿ ಕೇಳಿದ್ದು ಐದು ಲಕ್ಷ. ನಮ್ಮವರು ಓದಿ, "ಇದು ದೂರೋ ಧಾರಾವಾಹಿಯೋ?" ಎಂದರು. ಸಿಟ್ಟು ಬಂದರೂ ಮಾತು ನಿಜವೇ. ಆಗ ಕಾಲೇಜಿನಲ್ಲಿ ಓದಿದ ಶೈಲಾಕ್ ನೆನಪಾದ. ಪತ್ರದಲ್ಲಿ ಬರೆದ ಒಂದು ಪೌಂಡ್ ಮಾಂಸಕ್ಕೆ ಹಟ ಹಿಡಿದು ಕೂತು, ಕೊನೆಗೆ ಅಸಲನ್ನೂ ಕಳೆದುಕೊಂಡವನು ತಾನೇ ಅವನು! ಒಂಬತ್ತು ಪುಟವನ್ನು ಮೂರಕ್ಕೆ ಇಳಿಸಿದೆ. ತಾರೀಖು, ಆ ದಿನ ನಡೆದದ್ದು, ಅದಕ್ಕೆ ಸಾಕ್ಷಿ ಎಷ್ಟನೆಯ ಪುಟದಲ್ಲಿದೆ, ಇಷ್ಟೇ. ಸೀಮಂತಕ್ಕೆ ಒಂದೇ ಸಾಲು ಉಳಿಯಿತು.

ಕೇಳುವ ಮೊತ್ತದ ಬಗ್ಗೆಯೂ ಎಚ್ಚರ ಬೇಕು. ಮೊದಲ ಬಿಲ್ಲು, ಎರಡನೆಯ ರಿಪೇರಿಯ 29,200, ಎರಡನ್ನೂ ಕೊಡಿ ಎಂದು ಬರೆದಿದ್ದೆ. ಮಗ ಲೆಕ್ಕ ಹಾಕಿ, "ಅಮ್ಮ, ಸರಿಯಾಗಿ ಮಾಡಿದ್ದರೂ ಒಂದು ಸಲ ಹಣ ಕೊಡಲೇಬೇಕಿತ್ತಲ್ಲ? ಎರಡೂ ಕೇಳಿದರೆ ರಿಪೇರಿ ಪುಕ್ಕಟೆ ಆದ ಹಾಗಾಯಿತು" ಎಂದ. ಹೌದಲ್ಲ! ಮೊದಲ ಬಿಲ್ಲಿನ ಹಣ, ಟೋ ವ್ಯಾನಿನ ಹಣ, ರಸೀದಿ ಇದ್ದಷ್ಟು ಟ್ಯಾಕ್ಸಿಯ ಹಣ, ತೊಂದರೆಗೆ ಹದಿನೈದು ಸಾವಿರ, ಖರ್ಚಿಗೆ ಐದು ಸಾವಿರ ಎಂದು ನಿಗದಿ ಮಾಡಿದೆ.

ದೂರಿಗೆ ಮುಂಚೆ ನೋಟೀಸು ಕಳುಹಿಸಿ ಹದಿನೈದು ದಿನ ಕಾದೆ, ನಂತರ ನೆನಪಿನ ಓಲೆ ಒಂದು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಫೋನು ಮಾಡಿದೆ. ಅಲ್ಲಿ ಕೆಲವು ತಂಟೆಗಳು ದೂರಿಲ್ಲದೆಯೇ ಬಗೆಹರಿಯುತ್ತವೆ, ನಮ್ಮದು ಬಗೆಹರಿಯಲಿಲ್ಲ. 2023ರ ಜನವರಿಯಲ್ಲಿ, ಪುಟಗಳಿಗೆ ಸಂಖ್ಯೆ ಹಾಕಿ, ಮುಂದೊಂದು ಪರಿವಿಡಿ ಇಟ್ಟು, ಅಫಿಡವಿಟ್ ಲಗತ್ತಿಸಿ, ಪ್ರತಿಗಳ ಕಟ್ಟು ಹೊತ್ತು ಬಾಂದ್ರಾ ಪೂರ್ವದ ಆಯೋಗದ ಕಚೇರಿಗೆ ಹೋದೆ. ನೀವಾದರೆ ಮನೆಯಲ್ಲೇ ಕುಳಿತು ಸಲ್ಲಿಸಬಹುದು, 2025ರ ಜನವರಿಯಿಂದ ಇ-ಜಾಗೃತಿ ಎಂಬ ಜಾಲತಾಣ ಬಂದಿದೆ. ಕಾಯಿದೆಯ ಪ್ರಕಾರ ಇಂಥ ದೂರು ಮೂರು ತಿಂಗಳಲ್ಲಿ, ಪರೀಕ್ಷೆಗೆ ಕಳುಹಿಸಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕು. ಅದನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಡಿ! ತಾರೀಖಿನ ಮೇಲೆ ತಾರೀಖು ಬೀಳುವುದುಂಟು.

ಅಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ, ಕಾರು ಹಳತಾದ್ದರಿಂದ ಕೆಟ್ಟಿಲ್ಲವೆಂದು ಹೇಗೆ ಹೇಳುತ್ತೀರಿ ಎಂಬುದು. ಕೈಕಾಲು ನಡುಗುತ್ತಿತ್ತು. ಬಿಲ್ಲಿನ ಪುಟ ತೆರೆದು, ಫೇಸಿಂಗ್ ಎಂಬ ಸಾಲು ತೋರಿಸಿ, ಎದುರಿಗೇ ಫೋಟೋ ಇಟ್ಟೆ. "ಈ ಕೆಲಸ ಯಾವ ಮಷಿನ್ ಶಾಪಿನಲ್ಲಿ ಮಾಡಿಸಿದರು, ಅಲ್ಲಿಯ ರಸೀದಿ ತೋರಿಸಲಿ" ಎಂದೆ. ಅದು ಅವರ ಬಳಿ ಇರಲಿಲ್ಲ.

ಮಾತುಕತೆಯಲ್ಲಿ ಮುಗಿಸಿಕೊಳ್ಳುವಿರಾ ಎಂದು ಆಯೋಗವೇ ಕೇಳಿತು. ಹೊಸ ಕಾಯಿದೆಯಲ್ಲಿ ಮಧ್ಯಸ್ಥಿಕೆಗೆ ಅವಕಾಶವಿದೆ. ಗ್ಯಾರೇಜಿನ ಮಾಲಕರು ಹೊರಗಿನ ಬೆಂಚಿನ ಮೇಲೆ ಕುಳಿತು, "ಮೊದಲೇ ಹೇಳಿದ್ದರೆ ಇಷ್ಟು ದೂರ ಬರುತ್ತಿತ್ತೇ ಮೇಡಮ್?" ಎಂದರು. ನಾನು ಮಾತಾಡದೆ ಮೂರು ಕಾಗದಗಳನ್ನೂ, ಅವರ ಅಂಗಡಿಯ ಸಹಿ ಇದ್ದ ಅಂಚೆ ಚೀಟಿಗಳನ್ನೂ ಬಿಡಿಸಿ ತೋರಿಸಿದೆ. ನಲವತ್ತು ಸಾವಿರಕ್ಕೆ ಒಪ್ಪಿದರು. ತೊಂದರೆಯ ಪರಿಹಾರ ಬಿಟ್ಟುಕೊಟ್ಟೆ. ಮಗ ಈಗಲೂ ಅದಕ್ಕೆ ಒಪ್ಪಿಲ್ಲ, ಇನ್ನೂ ಕಾಯಬೇಕಿತ್ತು ಎನ್ನುತ್ತಾನೆ. ಸ್ಟಾರ್ ಕೊಟ್ಟು ಕೈತೊಳೆದುಕೊಳ್ಳ ಹೊರಟವನು! ಚೆಕ್ಕು ಪಾಸಾದ ಮೇಲೆಯೇ ದೂರು ಮುಗಿಸುವ ಕಾಗದಕ್ಕೆ ಸಹಿ ಹಾಕಿದೆ. ಈ ಬುದ್ಧಿವಾದ ಮಾತ್ರ ನಮ್ಮವರದು.

ಅಂದ ಹಾಗೆ, ಆ ಸ್ಕೂಟರಿನ ಹುಡುಗಿ ಇದನ್ನು ಓದುತ್ತಿದ್ದರೆ: ನೀನು ಹಣ ಕೊಟ್ಟದ್ದು ಫೋನಿನಲ್ಲಿ ಅಲ್ಲವೇನಮ್ಮಾ? ಆ ಪಾವತಿಯ ದಾಖಲೆ ಫೋನಿನಲ್ಲೂ ಬ್ಯಾಂಕಿನಲ್ಲೂ ಇದ್ದೇ ಇರುತ್ತದೆ. ಅದನ್ನು ಮುದ್ರಿಸಿಕೋ. ಬಿಲ್ಲಿನ ನಕಲು ಕೊಡಿ ಎಂದು ಗ್ಯಾರೇಜಿಗೆ ಬರವಣಿಗೆಯಲ್ಲೇ ಕೇಳು. ಸ್ಕೂಟರನ್ನು ಮಾತ್ರ ಇನ್ನೂ ಯಾರ ಕೈಯಲ್ಲೂ ಬಿಚ್ಚಿಸಬೇಡ. ಭಾನುವಾರ ಮಧ್ಯಾಹ್ನ ಮನೆಗೆ ಬಾ, ಇಬ್ಬರೂ ಕುಳಿತು ಕಾಗದ ಬರೆಯೋಣ.