ಮೀನಂಗಡಿಯವನ ನೀರಿನ ಕೆಲಸ

ಬಣ್ಣದ ಮೀನುಗಳನ್ನು ಮಾರುವ ಅಂಗಡಿಗಳು ಇಂದು ನಮ್ಮ ನಾಡಿನ ಸಣ್ಣ ಊರುಗಳಲ್ಲಿಯೂ ಕಾಣಬರುತ್ತವೆ. ಮೀನಿಗೆ ಆಹಾರ ಹಾಕುವುದು, ಬಲೆಯಿಂದ ಹಿಡಿದು ಕೊಡುವುದು, ಇಷ್ಟೇ ಅಲ್ಲಿ ದುಡಿಯುವವನ ಕೆಲಸವೆಂದು ಗಿರಾಕಿಗಳು ಭಾವಿಸುವುದುಂಟು. ಆದರೆ ಅವನ ದಿನದ ಬಹುಭಾಗ ಕಳೆಯುವುದು ಮೀನಿನ ಆರೈಕೆಯಲ್ಲಲ್ಲ, ನೀರಿನ ಆರೈಕೆಯಲ್ಲಿ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಮ್ಲಜನಕವಿದೆ. ಅಷ್ಟೇ ನೀರಿನಲ್ಲಿ ಕರಗಿರಬಲ್ಲದ್ದು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 9 ಮಿಲಿಗ್ರಾಂ; 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನೀರು ಬೆಚ್ಚಗಾದಂತೆಲ್ಲ ಮೀನಿಗೆ ಬೇಕಾಗುವುದು ಹೆಚ್ಚು, ಒದಗುವುದು ಕಡಿಮೆ. ಆದುದರಿಂದಲೇ ಬೇಸಗೆಯ ಮಧ್ಯಾಹ್ನ ವಿದ್ಯುತ್ತು ನಿಂತು ಗಾಳಿಯಂತ್ರ ಸ್ತಬ್ಧವಾಯಿತೆಂದರೆ ಅಂಗಡಿಯವನ ಎದೆ ಝಲ್ಲೆನ್ನುತ್ತದೆ. ಒಡನೆಯೇ ಅವನು ಚೊಂಬಿನಲ್ಲಿ ನೀರನ್ನು ಮೊಗೆದು, ಅದೇ ತೊಟ್ಟಿಗೆ ಮೇಲಿನಿಂದ ಸುರಿಯತೊಡಗುತ್ತಾನೆ. ಇದರಿಂದೇನು ಪ್ರಯೋಜನ?

ನಿಶ್ಚಲವಾದ ನೀರಿನಲ್ಲಿ ಆಮ್ಲಜನಕದ ಅಣುಗಳು ವಿಸರಣದಿಂದ ಮಾತ್ರವೇ ಕೆಳಗಿಳಿಯಬೇಕು. ನಾವು ಲೆಕ್ಕ ಹಾಕಿ ನೋಡಿದರೆ, ಒಂದು ಸೆಂಟಿಮೀಟರ್ ಸರಿಯಲು ಅವಕ್ಕೆ ಸುಮಾರು 7 ಗಂಟೆ ಹಿಡಿಯುತ್ತದೆ. ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟಾಗುತ್ತದೆ. ಎಂದರೆ 10 ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ತಿಂಗಳು! ಅಲ್ಲಿಯವರೆಗೆ ಯಾವ ಮೀನು ತಾನೇ ಕಾದೀತು? ಗಾಳಿಯಂತ್ರದ ಗುಳ್ಳೆಗಳು ಏರುವಾಗ ನೇರವಾಗಿ ನೀರಿಗೆ ಬಿಟ್ಟುಕೊಡುವ ಆಮ್ಲಜನಕ ಅಲ್ಪವೇ. ತಳದ ನೀರನ್ನು ತಮ್ಮೊಡನೆ ಎತ್ತಿ ಗಾಳಿಗೆ ಒಡ್ಡುವುದೇ ಅವುಗಳ ಮುಖ್ಯ ಕಾರ್ಯ. ಚೊಂಬು ಮಾಡುವುದೂ ಅದನ್ನೇ.

ಅಂದಕ್ಕಾಗಿ ಮಾರುವ ಗಾಜಿನ ಗೋಳಗಳು ನಮಗಂತೂ ಮೆಚ್ಚಿಗೆಯಲ್ಲ. 30 ಸೆಂಟಿಮೀಟರ್ ವ್ಯಾಸದ ಗೋಳವನ್ನು ಅರ್ಧಕ್ಕೆ ತುಂಬಿದರೆ ಗಾಳಿಗೆ ತೆರೆದ ಮೇಲ್ಮೈ ಸುಮಾರು 700 ಚದರ ಸೆಂಟಿಮೀಟರ್. 10 ಸೆಂಟಿಮೀಟರ್ ಅಗಲದ ಕತ್ತಿನವರೆಗೂ ತುಂಬಿದರೋ, 80ಕ್ಕಿಂತಲೂ ಕಡಿಮೆ! ಫೈಟರ್ ಮತ್ತು ಗುರಾಮಿ ಮೀನುಗಳು ಹೇಗೋ ಬದುಕಿಕೊಂಡಾವು. ಅವುಗಳ ತಲೆಯಲ್ಲಿ ಗಾಳಿಯಿಂದಲೇ ಆಮ್ಲಜನಕವನ್ನು ಹೀರಬಲ್ಲ ವಿಶೇಷ ಅಂಗವೊಂದಿದೆ. ಚಿನ್ನದ ಮೀನಿಗೆ ಆ ಅನುಕೂಲವಿಲ್ಲ.

ಇನ್ನು ಗಿರಾಕಿಯ ವಿಚಾರ. ಕೂಡಿಟ್ಟ ಹಣವನ್ನು ಹಿಡಿದು ವಿದ್ಯಾರ್ಥಿಯೊಬ್ಬ ಬರುತ್ತಾನೆ. ತೊಟ್ಟಿಯೊಡನೆ ಹತ್ತು ಮೀನುಗಳನ್ನೂ ಇಂದೇ ಕೊಡಿರೆನ್ನುತ್ತಾನೆ. ಕೊಟ್ಟರೆ ಲಾಭವುಂಟು. ಆದರೆ ಮೀನುಗಳು ವಿಸರ್ಜಿಸುವ ಅಮೋನಿಯ ಅವುಗಳಿಗೇ ವಿಷ. ಅದನ್ನು ಮೊದಲು ನೈಟ್ರೈಟಾಗಿ, ಅನಂತರ ಅಷ್ಟೇನೂ ಹಾನಿಯಿಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಇದು ಬಲ್ಲ ಅಂಗಡಿಯವನು, “ಈಗ ಎರಡೇ ಮೀನು ಒಯ್ಯಪ್ಪಾ, ಉಳಿದದ್ದು ಬರುವ ತಿಂಗಳು ನೋಡೋಣ” ಎನ್ನುತ್ತಾನೆ. ಹುಡುಗ ಮುನಿದು ಬೇರೆ ಅಂಗಡಿಗೆ ಹೋಗುವುದೂ ಉಂಟು. ಹಾಗೆ ಹೋದವನ ಹತ್ತು ಮೀನುಗಳು ವಾರದೊಳಗೆ ಒಂದೊಂದಾಗಿ ತೇಲತೊಡಗಿದರೆ, ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಹೀಗೇಕಾಯಿತೆಂದು ಅವನಿಗೆ ತೋಚದು; ಕರಗಿದ ಅಮೋನಿಯ ಕಣ್ಣಿಗೆ ಕಾಣುವುದಿಲ್ಲ.

ಕೇಳಿದವರಿಗೆ ಅಂಗಡಿಯವನು ಹಳೆಯ ತೊಟ್ಟಿಯ ಶೋಧಕದಿಂದ ಸ್ಪಂಜಿನ ತುಂಡೊಂದನ್ನು ಕತ್ತರಿಸಿ ಕೊಡುವುದುಂಟು. ಕಂದುಬಣ್ಣದ ಆ ಕೊಳಕಿನಲ್ಲಿ ಬೇಕಾದ ಬ್ಯಾಕ್ಟೀರಿಯಗಳು ಸಿದ್ಧವಾಗಿಯೇ ಇರುತ್ತವೆ. ಆದರೆ ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಅವುಗಳನ್ನು ಕೊಲ್ಲಬಲ್ಲದು. ಸ್ಪಂಜನ್ನು ತೊಳೆಯಬೇಕಾದಾಗ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲನೆ ಹಿಂಡಿ, ಒಣಗಲು ಬಿಡದೆ ಹಿಂದಕ್ಕಿಡಬೇಕು.