ಬಂಡೆಗಿಂತಲೂ ಹಳೆಯ ನೀರು

ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿ, ಅದರ ದಡದ ಬಂಡೆ - ಇವೆರಡರಲ್ಲಿ ಹಿರಿಯರಾರು? ಬಂಡೆಯೆಂದೇ ಯಾರಾದರೂ ಹೇಳಿಯಾರು. ಈ ಸೀಮೆಯ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳು ಅಥವಾ ಅದಕ್ಕೂ ಹೆಚ್ಚು. ಆದರೆ ಪರಮಾಣುಗಳ ಜಾತಕವನ್ನು ಬಿಡಿಸಿ ನೋಡಿದರೆ ಉತ್ತರವೇ ಬೇರೆ!

ಪಾಂಡವಪುರದ ಆಲೆಮನೆಗಳಲ್ಲಿ ಬೆಲ್ಲದ ಪಾಕವು ಹದಕ್ಕೆ ಬರುವ ಗಳಿಗೆ ಅತ್ಯಲ್ಪ. ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವದ ಪಾಕಕ್ಕೂ ಅಂತಹದೇ ಒಂದು ಗಳಿಗೆ ಒದಗಿತ್ತು. ಹುಟ್ಟಿದ ಮೂರು ನಿಮಿಷಗಳ ಹೊತ್ತಿಗೆ ಅದರ ಶಾಖ ಸುಮಾರು 100 ಕೋಟಿ ಡಿಗ್ರಿಗೆ ಇಳಿಯಿತು. ಆಗ ಪ್ರೋಟಾನು, ನ್ಯೂಟ್ರಾನುಗಳು ಒಂದಾಗಿ ಮೊದಲು ಡ್ಯೂಟೀರಿಯಂ, ಅನಂತರ ಹೀಲಿಯಂ ಆದುವು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಒಲೆ ಆರಿತು. ತೂಕದಲ್ಲಿ ಮುಕ್ಕಾಲು ಪಾಲು ಜಲಜನಕ, ಕಾಲು ಪಾಲು ಹೀಲಿಯಂ, ಲವಲೇಶ ಲಿಥಿಯಂ - ಇಷ್ಟೇ ಆ ಅಡುಗೆ. ಐದು ಅಥವಾ ಎಂಟು ಕಣಗಳ ಪರಮಾಣು ಬೀಜಗಳು ಸ್ಥಿರವಾಗಿ ನಿಲ್ಲಲಾರವು. ಆದುದರಿಂದ ಭಾರವಾದ ಮೂಲವಸ್ತುಗಳು ಅಂದು ಹುಟ್ಟಲಿಲ್ಲ. ಈ ವಿಚಾರಸರಣಿಗೆ 1948ರಲ್ಲಿ ತಳಹದಿ ಹಾಕಿದವರು ರಾಲ್ಫ್ ಆಲ್ಫರ್ ಮತ್ತು ಜಾರ್ಜ್ ಗ್ಯಾಮೊ.

ಬಂಡೆಯಲ್ಲಿರುವ ಸಿಲಿಕಾನು, ಆಮ್ಲಜನಕಗಳು ಬಹುಕಾಲದ ಮೇಲೆ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದವು. ನೀರಿನ ಆಮ್ಲಜನಕವೂ ಹಾಗೆಯೇ. ಆದರೆ ಕೃಷ್ಣರಾಜಪೇಟೆಯ ಹೇಮಾವತಿಯಲ್ಲಿ, ನಾಗಮಂಗಲದ ಕೆರೆಗಳಲ್ಲಿ, ಮನೆಯ ಬಿಂದಿಗೆಯಲ್ಲಿ ಇರುವ ಜಲಜನಕವು ಬಹುಮಟ್ಟಿಗೆ ಆ ಮೊದಲ ನಿಮಿಷಗಳದೇ. ನಾವು ಕುಡಿಯುವ ನೀರಿನಲ್ಲಿ ಸೃಷ್ಟಿಯ ಆದಿಕಾಲವೇ ಬೆರೆತಿದೆ.

ಹಾಗಾದರೆ ಮೂರನೆಯದಾದ ಲಿಥಿಯಂ ಎಲ್ಲಿ? ಅದೂ ಈ ಸೀಮೆಯಲ್ಲಿಯೇ ಇದೆ. ಶ್ರೀರಂಗಪಟ್ಟಣದ ಸಮೀಪದ ಮರಳಗಾಲ, ಅಲ್ಲಾಪಟ್ಟಣಗಳ ಶಿಲೆಗಳಲ್ಲಿ ಪರಮಾಣು ಖನಿಜ ನಿರ್ದೇಶನಾಲಯದವರು ಅದನ್ನು ಗುರುತಿಸಿದರು. ಸುಮಾರು 1,600 ಟನ್ನುಗಳಿರಬಹುದೆಂಬ ಪ್ರಾಥಮಿಕ ಅಂದಾಜು 2021ರಲ್ಲಿ ಹೊರಬಿದ್ದಿತು. ಬ್ಯಾಟರಿಗೆ ಬೇಕಾದ ಲೋಹವೆಂದು ಪತ್ರಿಕೆಗಳು ಸುದ್ದಿಯನ್ನು ಸಾರಿದುವು.

ಆದರೆ ಅದರ ವಂಶಾವಳಿ ಜಲಜನಕದಷ್ಟು ಸರಳವಲ್ಲ. ಆದಿಕಾಲದ ಪಾಲು ಅದರಲ್ಲಿ ಅಲ್ಪ. ಉಳಿದುದು ವಿಶ್ವಕಿರಣಗಳು ಭಾರದ ಪರಮಾಣುಗಳನ್ನು ಒಡೆದಾಗಲೂ, ಕೆಲವು ನಕ್ಷತ್ರಗಳು ಸಿಡಿದಾಗಲೂ ಉಂಟಾದುದು. ನಕ್ಷತ್ರಗಳ ಒಳಗಿನ ಶಾಖದಲ್ಲಿ ಲಿಥಿಯಂ ನಾಶವೂ ಆಗುತ್ತದೆ.

ಲೆಕ್ಕದ ಪ್ರಕಾರ ಆದಿಯಲ್ಲಿ ಸಾವಿರ ಕೋಟಿ ಜಲಜನಕ ಪರಮಾಣುಗಳಿಗೆ ಸುಮಾರು ಐದು ಲಿಥಿಯಂ ಪರಮಾಣುಗಳಿದ್ದಿರಬೇಕು. ಅತಿ ಪುರಾತನ ನಕ್ಷತ್ರಗಳಲ್ಲಿ ಕಾಣುವುದಾದರೋ ಅದರ ಮೂರರಲ್ಲೊಂದು ಪಾಲು ಮಾತ್ರ. ಫ್ರಾನ್ಸಿನ ಸ್ಪೀಟ್ ದಂಪತಿಗಳು 1982ರಲ್ಲಿ ಆ ನಕ್ಷತ್ರಗಳನ್ನು ಅಳೆದಂದಿನಿಂದ ಈ ಒಗಟು ಬೆಳೆಯುತ್ತ ಬಂದಿದೆ. ಉಳಿದ ಭಾಗವನ್ನು ನಕ್ಷತ್ರಗಳೇ ನುಂಗಿದುವೋ, ನಮ್ಮ ಭೌತಶಾಸ್ತ್ರದಲ್ಲಿಯೇ ಏನಾದರೂ ಬಿಟ್ಟುಹೋಗಿದೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮರಳಗಾಲದ ಲೋಹವನ್ನು ಟನ್ನುಗಳಲ್ಲಿ ಎಣಿಸಬಹುದು. ಅದರ ಮೊದಲ ಪಾಲಿನ ಲೆಕ್ಕ ಮಾತ್ರ ಇನ್ನೂ ಕೂಡಿಬಂದಿಲ್ಲ.