ಕ್ಯಾಮರಾ ಇತ್ತು, ಕಾರಿನ ನಂಬರ್ ಮಾತ್ರ ಸಿಗಲಿಲ್ಲ

2008ರ ನವೆಂಬರ್ 26ರ ರಾತ್ರಿ ವಿಲೆಪಾರ್ಲೆಯ ಹೆದ್ದಾರಿಯಲ್ಲಿ ಟ್ಯಾಕ್ಸಿ ಸ್ಫೋಟಗೊಂಡ ಸದ್ದನ್ನು ಮರೆಯದ ಪಾರ್ಲೆಯವರಿಗೆ ಸಿಸಿಟಿವಿಯ ಅಗತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಸೊಸೈಟಿಯಲ್ಲಿ ಎಂಟು ಕ್ಯಾಮರಾಗಳಿವೆ. ಆದರೂ ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ವಾಚ್‌ಮನ್‌ಗೆ ಢಿಕ್ಕಿ ಹೊಡೆದು, ಅವರ ಕಾಲು ಮುರಿದು ಪರಾರಿಯಾದ ಕಾರಿನ ನಂಬರ್ ಪೊಲೀಸರಿಗೆ ಕೊಡಲು ನಮ್ಮಿಂದ ಆಗಲಿಲ್ಲ. ಪರದೆಯಲ್ಲಿ ಕಾರು ಬಂತು, ಹೋಯಿತು. ಪ್ಲೇಟ್ ಇರಬೇಕಾದಲ್ಲಿ ಬಿಳಿ ಬೆಳಕಿನ ತುಂಡೊಂದೇ.

ಗುರುತು ಸಿಗದ ವಾಹನವಾದರೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಸರಕಾರಿ ಯೋಜನೆಯಂತೆ ಗಂಭೀರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ರೂಪಾಯಿ, ಅಷ್ಟೇ. ನಂಬರ್ ಸಿಕ್ಕಿದರೆ ಆ ಕಾರಿನ ವಿಮಾ ಕಂಪೆನಿಯಿಂದ ಆಸ್ಪತ್ರೆ ಖರ್ಚು, ತಪ್ಪಿದ ಸಂಬಳ ಎಲ್ಲವನ್ನೂ ನ್ಯಾಯಮಂಡಳಿಯಲ್ಲಿ ಕೇಳಬಹುದು.

ಬ್ಯಾಂಕಿನವನಾದ ನನಗೆ ಲೆಕ್ಕ ತಾಳೆಯಾಗದೆ ನಿದ್ದೆ ಬರುವುದಿಲ್ಲ. ಸಾಮಾನ್ಯವಾಗಿ ಹಾಕುವ 2.8 ಮಿ.ಮೀ. ಲೆನ್ಸ್, ಹತ್ತು ಮೀಟರ್ ದೂರದಲ್ಲಿ ಇಪ್ಪತ್ತು ಮೀಟರಿಗೂ ಮಿಕ್ಕಿದ ಅಗಲವನ್ನು ನೋಡುತ್ತದೆ. ಚಿತ್ರದಲ್ಲಿ ಅಡ್ಡಕ್ಕೆ ಇರುವುದು 1920 ಚುಕ್ಕಿ. ಅರ್ಧ ಮೀಟರ್ ಉದ್ದದ ಪ್ಲೇಟಿಗೆ ಸಿಗುವುದು ನಲವತ್ತು ಚಿಲ್ಲರೆ, ಒಂದು ಅಕ್ಷರಕ್ಕೆ ನಾಲ್ಕೈದು! ಇದರಲ್ಲಿ 3 ಯಾವುದು, 8 ಯಾವುದು? ಅದೇ ಜಾಗಕ್ಕೆ 12 ಮಿ.ಮೀ. ಲೆನ್ಸ್ ಹಾಕಿದರೆ ಕಾಣುವ ಅಗಲ ನಾಲ್ಕೈದು ಮೀಟರಿಗೆ ಇಳಿಯುತ್ತದೆ, ಪ್ಲೇಟಿಗೆ ಇನ್ನೂರು ಚುಕ್ಕಿ ದಕ್ಕುತ್ತವೆ. ಅಂದರೆ ಇಡೀ ಓಣಿಗೆ ಒಂದು, ನಂಬರಿಗೇ ಇನ್ನೊಂದು ಕ್ಯಾಮರಾ ಬೇಕು.

ರಾತ್ರಿಯ ತೊಂದರೆ ಬೇರೆಯೇ. ಗಂಟೆಗೆ 30 ಕಿ.ಮೀ. ವೇಗದ ಕಾರು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲಿ ಒಂದಡಿ ಮುಂದೆ ಹೋಗಿರುತ್ತದೆ. ಕತ್ತಲಲ್ಲಿ ಕ್ಯಾಮರಾ ತಾನಾಗಿ ಶಟರನ್ನು ಅಷ್ಟು ಹೊತ್ತು ತೆರೆದಿಡುತ್ತದೆ. ಮೇಲಾಗಿ ಪ್ಲೇಟು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವ ಹಾಳೆಯದು, ಕ್ಯಾಮರಾದ ಇನ್ಫ್ರಾರೆಡ್ ದೀಪ ಅದಕ್ಕೆ ಬಿದ್ದರೆ ಅಕ್ಷರಗಳೇ ಮಾಯ. ಶಟರನ್ನು ಕೈಯಾರೆ 1/500 ಅಥವಾ 1/1000ಕ್ಕೆ ನಿಲ್ಲಿಸಿದರೆ ಓಣಿಯೆಲ್ಲ ಕಪ್ಪಾಗಿ ಪ್ಲೇಟ್ ಮಾತ್ರ ಉಳಿಯುತ್ತದೆ. ನಮ್ಮ ಸದಸ್ಯರೊಬ್ಬರು ಇದನ್ನು ಕಂಡು ಕ್ಯಾಮರಾ ಕೆಟ್ಟಿದೆಯೆಂದು ದೂರು ಕೊಟ್ಟದ್ದೂ ಉಂಟು.

ಎರಡನೇ ಮಾಳಿಗೆಯಿಂದ ಕೆಳಗೆ ನೋಡುವ ಕ್ಯಾಮರಾ ಇದಕ್ಕೆ ಪ್ರಯೋಜನವಿಲ್ಲ. ಗೇಟಿನ ಕಂಬದಲ್ಲಿ, ವಾಹನಗಳು ನಿಧಾನಿಸುವ ಸ್ಪೀಡ್ ಬ್ರೇಕರಿಗೆ ಎದುರಾಗಿ ಇರಬೇಕು. ಗಡಿಯಾರ ಸರಿಯಿದೆಯೇ ನೋಡಬೇಕು, ನಮ್ಮದು ಹನ್ನೊಂದು ನಿಮಿಷ ಹಿಂದಿತ್ತು. ಘಟನೆ ನಡೆದ ದಿನವೇ ಪ್ರತಿ ತೆಗೆದಿಡದಿದ್ದರೆ ರೆಕಾರ್ಡಿಂಗ್ ಅಳಿಸಿಹೋಗುತ್ತದೆ. ಕೋರ್ಟಿಗೆ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಗೆ ಬಂದ ಸಾಕ್ಷ್ಯ ಕಾನೂನಿನಂತೆ ಪ್ರಮಾಣಪತ್ರವೂ ಬೇಕು. ಸಂಘದ ಬಂಧುಗಳಲ್ಲಿ ಸೊಸೈಟಿಯ ಕಾರ್ಯದರ್ಶಿ, ಕೋಶಾಧಿಕಾರಿ ಹೊಣೆ ಹೊತ್ತವರು ಇದನ್ನು ಗಮನಿಸಬೇಕಾಗಿ ವಿನಂತಿ.

ಗಣೇಶೋತ್ಸವಕ್ಕೆ ಮುನ್ನ ಕಮಿಟಿ ಒಂಬತ್ತನೇ ಕ್ಯಾಮರಾ ಹಾಕಿಸಿತು. ಮೊದಲ ರಾತ್ರಿಯೇ ಎಂಎಚ್ 02ರ ರಿಕ್ಷಾವೊಂದರ ನಂಬರ್ ಸ್ಪಷ್ಟವಾಗಿ ಓದಲು ಬಂತು. ಊರಿಗೆ ಹೋದ ವಾಚ್‌ಮನ್ ಇನ್ನೂ ಮರಳಿಲ್ಲ.